ಕೊಂಡಿಯ ಬೀಗಕ್ಕೆ ಆಯುಧಪೂಜೆ

ನನ್ನ ಅಳಿಯ ದೀಪೇಶನಿಗೆ ಬೀಗ ಮಾಡುವ ಕೆಲಸ. ಅದೂ ಎಲ್ಲಿ? ಸಿಂಗಾಪುರದಲ್ಲಿ. ಊಟದ ಅಂಗಡಿಯ ಮೇಜಿನ ಮೇಲೆ ಒಂದು ಟಿಶ್ಯೂ ಪೊಟ್ಟಣ ಇಟ್ಟು ಹೋದರೆ ಸಾಕು, ಆ ಮೇಜನ್ನು ಮಹಾರಾಜನೇ ಬಂದರೂ ಮುಟ್ಟದ ಊರು ಇದು. ಸೆಂಬವಾಂಗ್‌ನಲ್ಲಿ ನನ್ನ ಮಗಳ ಮನೆಯ ಕೆಳಗೆ, ವಾಯ್ಡ್ ಡೆಕ್ ಎಂದು ಕರೆಯುವ ಖಾಲಿ ಜಾಗದಲ್ಲಿ, ಒಂದು ಸೈಕಲ್ಲು ನಾನು ಬಂದ ದಿನದಿಂದ ಬೀಗವಿಲ್ಲದೆ ನಿಂತಿದೆ. ಅದರ ಚಕ್ರದಲ್ಲಿ ಜೇಡವೊಂದು ಮನೆ ಕಟ್ಟಿ, ಮಕ್ಕಳನ್ನು ಹೆತ್ತು, ಆ ಮಕ್ಕಳಿಗೆ ಮದುವೆಯನ್ನೂ ಮಾಡಿಸಿ ಮುಗಿಸಿತು. ಕದಿಯಲಿಕ್ಕೆ ಒಬ್ಬನೂ ಗತಿಯಿಲ್ಲ. ಇಂಥ ಊರಿನಲ್ಲಿ ಕೂತು ಬೀಗ ಮಾಡುವುದೆಂದರೆ ಮೀನಿಗೆ ಕೊಡೆ ಹೊಲಿದ ಹಾಗೆ.

"ಅಳಿಯಂದಿರೇ, ನಿಮ್ಮ ಬೀಗ ಪರೀಕ್ಷೆ ಮಾಡ್ಲಿಕ್ಕೆ ಕಳ್ಳನನ್ನು ಎಲ್ಲಿಂದ ತರಿಸ್ತೀರಿ?" ಎಂದು ಬಂದ ಎರಡನೇ ದಿನವೇ ಕೇಳಿದೆ. "ಅವನಿಗೂ ವರ್ಕ್ ಪಾಸ್ ಬೇಕಾಗ್ತದಾ?"

"ಇಲ್ಲಿಗಲ್ಲ ಅತ್ತೆ, ಆಸ್ಟ್ರೇಲಿಯಾಕ್ಕೆ ಎಕ್ಸ್‌ಪೋರ್ಟ್ ಮಾಡ್ಲಿಕ್ಕೆ," ಅಂದ ದೀಪೇಶ. "ಅಲ್ಲಿ ಮನೆ ಮುಂದೆ ನಿಲ್ಲಿಸಿದ ಟ್ರೇಲರ್‌ನ ಹಾಗೇ ಎಳ್ಕೊಂಡು ಹೋಗ್ತಾರೆ."

"ಎಂತದು ಟ್ರೇಲರ್ ಅಂದ್ರೆ?"

ಕೇಳಬಾರದಿತ್ತು. ಅವನು ಚಹಾದ ಲೋಟ ಬದಿಗೆ ಸರಿಸಿ, ಮೇಜಿನ ಮೇಲೆ ಒಂದು ನಿಂಬೆಹಣ್ಣು ಇಟ್ಟು, ಅದರ ಮೇಲೆ ಚಟ್ನಿಯ ಬಟ್ಟಲನ್ನು ಕವುಚಿ ಹಾಕಿ ಪಾಠ ಶುರು ಮಾಡಿದ. ಕಾರಿನ ಹಿಂದೆ ಒಂದು ಕಬ್ಬಿಣದ ಗುಂಡು ಇರುತ್ತದಂತೆ, ಅದು ನಿಂಬೆಹಣ್ಣು. ದೋಣಿಯನ್ನೋ ಮಂಚ ಒಲೆ ಎಲ್ಲ ಇರುವ ಗಾಡಿಮನೆಯನ್ನೋ ಹೊತ್ತು ಕಾರಿನ ಹಿಂದೆ ಬರುವ, ಎಂಜಿನ್ ಇಲ್ಲದ ಗಾಡಿಗೆ ಟ್ರೇಲರ್ ಎಂದು ಹೆಸರು. ಅದರ ಮೂತಿಯಲ್ಲಿ ಕವುಚಿದ ಬಟ್ಟಲಿನಂಥ ಕೊಂಡಿ. ಬಟ್ಟಲು ಗುಂಡಿನ ಮೇಲೆ ಕೂತಿತೆಂದರೆ ಧಾರೆ ಎರೆದ ಹಾಗೆ, ಕಾರು ಹೋದಲ್ಲಿಗೆ ಟ್ರೇಲರೂ ಹೋಗಬೇಕು. ತೊಂದರೆ ಏನೆಂದರೆ ಆ ಬಟ್ಟಲಿಗೆ ಪಾತಿವ್ರತ್ಯ ಇಲ್ಲ. ಯಾರ ಕಾರಿನ ಗುಂಡಾದರೂ ಅದಕ್ಕೆ ಆಗುತ್ತದೆ. ಕಳ್ಳ ತನ್ನ ಕಾರನ್ನು ಹಿಂದಕ್ಕೆ ತಂದು, ಬಟ್ಟಲು ಇಳಿಸಿ, ಎರಡು ನಿಮಿಷದಲ್ಲಿ ಸಂಸಾರ ಹೂಡಿಕೊಂಡು ಹೊರಟುಹೋಗುತ್ತಾನೆ.

ದೀಪೇಶನ ಬೀಗವೆಂದರೆ ಆ ಬಟ್ಟಲಿನೊಳಗೆ ಒಂದು ಉಕ್ಕಿನ ಗಡ್ಡೆ ತುರುಕಿ, ಮೇಲಿನಿಂದ ಉಕ್ಕಿನ ಟೊಪ್ಪಿ ಹಾಕಿ, ಟೊಪ್ಪಿಯ ನೆತ್ತಿಯಲ್ಲಿರುವ ತೂತಿಗೆ ಕೀಲಿಕೈ ತೂರಿಸಿ ತಿರುಗಿಸುವುದು. ಒಳಗೆ ಗಡ್ಡೆ ಇದ್ದರೆ ಬೇರೆಯವರ ಗುಂಡಿಗೆ ಜಾಗವಿಲ್ಲ. ಎಂಟು ತಿಂಗಳಿಂದ ಅವನು ಮಾಡುತ್ತಿದ್ದದ್ದು ಇದೊಂದೇ. ಹೆಂಡತಿಯ ಮುಖವನ್ನು ಅಷ್ಟು ಪ್ರೀತಿಯಿಂದ ನೋಡಿದ್ದನ್ನು ನಾನಂತೂ ಕಾಣೆ. ಇಡ್ಲಿ ತಿನ್ನುವಾಗಲೂ ಆ ಬೀಗ ಅವನ ತಟ್ಟೆಯ ಪಕ್ಕದಲ್ಲಿ. ಇನ್ನೊಂದು ವಾರ ಹೋಗಿದ್ದರೆ ನನ್ನ ಮಗಳು ಜ್ಯೋತ್ಸ್ನಾ ಅದಕ್ಕೂ ಎರಡು ಇಡ್ಲಿ ಬಡಿಸುತ್ತಿದ್ದಳು.

ನಾನು ಚಂಪಾ. ಮಲ್ಪೆಯವಳು. ನಾಲ್ಕನೇ ಕ್ಲಾಸಿನವರೆಗೆ ಶಾಲೆಗೆ ಹೋಗಿದ್ದೇನೆ. ಐದನೆಯದರಲ್ಲಿ ಕಲಿಸಲಿಕ್ಕೆ ಏನೂ ಉಳಿದಿರಲಿಲ್ಲ, ಹಾಗಾಗಿ ಬಿಟ್ಟೆ. ನಮ್ಮ ಯಜಮಾನರು ಧರ್ಮಪಾಲರು ಬೋಟಿನ ಎಂಜಿನ್ ರಿಪೇರಿ ಮಾಡುತ್ತಿದ್ದರು. ತೀರಿಕೊಂಡು ಹನ್ನೊಂದು ವರ್ಷ ಆಯಿತು. ಮೂರು ತಿಂಗಳು ಇದ್ದು ಹೋಗೋಣವೆಂದು ಆಗಸ್ಟಿನ ಕೊನೆಗೆ ಮಗಳ ಮನೆಗೆ ಬಂದಿದ್ದೆ. ಅಳಿಯನನ್ನು ತಮಾಷೆ ಮಾಡುವುದು ಬಿಟ್ಟರೆ ಆ ಮನೆಯಲ್ಲಿ ನನಗೆ ಬೇರೆ ಕೆಲಸವಿರಲಿಲ್ಲ. ಪಾತ್ರೆ ತೊಳೆಯಲಿಕ್ಕೂ ಅಲ್ಲಿ ಒಂದು ಮಿಷಿನ್ನು ಉಂಟು.

ಒಂದು ದಿನ ಮೊಮ್ಮಗಳು ದೀಕ್ಷಿತಾ ಶಾಲೆಯಿಂದ ಬಂದವಳೇ ನನ್ನನ್ನು ಅಡುಗೆಮನೆಗೆ ಎಳೆದಳು. ಒಂಬತ್ತು ವರ್ಷ ಅವಳಿಗೆ, ಮಾತಿಗೆ ತೊಂಬತ್ತು. ಮಾತಿನ ಕೊನೆಗೆ ಈ ಊರಿನವರ ಹಾಗೆ ಒಂದು 'ಲಾ' ಬೇರೆ.

"ಅಮ್ಮಮ್ಮ, ಪಪ್ಪನ್ನ ಟೀಸ್ ಮಾಡ್ಬೇಡ ಲಾ. ಹಿ ಈಸ್ ವೆರಿ ಸ್ಟ್ರೆಸ್ಡ್ ಲಾ."

"ಯಾಕೆ, ಬೀಗಕ್ಕೆ ಜ್ವರ ಬಂದಿದಾ?"

ಜ್ವರ ಬೀಗಕ್ಕಲ್ಲ, ಮನೆಗೆ ಬಂದಿತ್ತು. ಜ್ಯೋತ್ಸ್ನಾ ಬಟ್ಟೆ ಮಡಚುತ್ತಾ ವಿಷಯ ಹೇಳಿದಳು. ಟುವಾಸ್‌ನಲ್ಲಿರುವ ದೀಪೇಶನ ಕಂಪನಿ ಹಡಗಿನ ಏಣಿ, ಬಾಗಿಲು ಮಾಡುವ ಕಂಪನಿ. ಬೀಗದ ವಿಭಾಗ ಹೊಸದು, ಅದರಲ್ಲಿ ಇವನೊಬ್ಬನೇ. ಯಜಮಾನರಾದ ಮಿಸ್ಟರ್ ಕ್ವೆಕ್ ಅವರಿಗೆ ಸಾಕಾಗಿದೆ. ಪರ್ತ್ ಊರಿನಲ್ಲಿ ಟ್ರೇಲರ್ ಸಾಮಾನಿನ ಅಂಗಡಿಗಳಿರುವ ಬ್ರೆಟ್ ಎನ್ನುವವನು ಬೀಗ ನೋಡಲಿಕ್ಕೆ ಬರುತ್ತಾನೆ. ಅವನು ಒಪ್ಪಿದರೆ ಸರಿ. ಒಪ್ಪದಿದ್ದರೆ ತಿಂಗಳ ಕೊನೆಗೆ ವಿಭಾಗ ಬಂದ್.

"ಬಂದ್ ಆದ್ರೆ?"

"ಕೆಲ್ಸ ಹೋದ್ರೆ ಪಾಸ್ ಕ್ಯಾನ್ಸಲ್ ಆಗ್ತದೆ ಅಮ್ಮ. ಮತ್ತೆ ಇಲ್ಲಿರ್ಲಿಕ್ಕೆ ಒಂದೇ ತಿಂಗಳು. ಮನೆ, ದೀಕ್ಷಿತಾನ ಸ್ಕೂಲು, ಎಲ್ಲಾ ಪ್ಯಾಕ್ ಮಾಡ್ಬೇಕು."

ಆಮೇಲೆ ನಾನು ತಮಾಷೆಯನ್ನು ಕಡಿಮೆ ಮಾಡಿದೆ. ದಿನಕ್ಕೆ ನೂರು ಇದ್ದದ್ದನ್ನು ಎಪ್ಪತ್ತಕ್ಕೆ ಇಳಿಸಿದೆ.

ಬ್ರೆಟ್ ಬರುವ ದಿನ ಗೊತ್ತಾದಾಗ ಮಾತ್ರ ಸುಮ್ಮನಿರಲು ಆಗಲಿಲ್ಲ. ಆಸ್ಟ್ರೇಲಿಯಾದವನು ಕ್ಯಾಲೆಂಡರ್ ಎಲ್ಲ ಜಾಲಾಡಿ ಹುಡುಕಿದ್ದು ಯಾವ ದಿನ? ಆಯುಧಪೂಜೆಯ ದಿನ.

"ಆ ದಿನ ಹತ್ಯಾರು ಮುಟ್ಲಿಕ್ಕಿಲ್ಲ," ಅಂದೆ. "ಪೂಜೆ ಮಾಡಿ ಇಡುದು, ಮಾರನೇ ದಿನ ತೆಗೆಯುದು. ನಿಮ್ಮ ಮಾವ, ಮಂತ್ರಿಯ ಬೋಟು ಬಂದು ನಿಂತ್ರೂ ಆ ದಿನ ಒಂದು ಸ್ಪ್ಯಾನರ್ ಎತ್ತಿದವ್ರಲ್ಲ."

"ಅತ್ತೆ, ಅವ್ನು ಬರೋದೇ ಒಂದು ದಿನ. ಮಾರನೇ ದಿನ ವಿಯೆಟ್ನಾಮಿಗೆ ಫ್ಲೈಟ್ ಉಂಟು ಅವ್ನಿಗೆ."

ಕೊನೆಗೆ ಒಂದು ರಾಜಿ ಆಯಿತು. ಬೆಳಿಗ್ಗೆ ಒಂಬತ್ತಕ್ಕೆ ಪೂಜೆ. ಹನ್ನೊಂದಕ್ಕೆ ಬ್ರೆಟ್ ಬರುತ್ತಾನೆ. ಹೊಡೆಯುವುದು ಬಡಿಯುವುದು ಎಲ್ಲ ಅವನೇ. ಅವನಿಗೆ ಆಯುಧಪೂಜೆಯ ಹಂಗಿಲ್ಲ. ಕೊನೆಗೆ ಕೀಲಿಕೈ ಹಾಕಿ ತೆರೆಯುವುದು ಮಾತ್ರ ದೀಪೇಶ, ಅದೊಂದು ತಪ್ಪನ್ನು ದೇವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಪೂಜೆಯಾದ ಮೇಲೆ ಬ್ರೆಟ್ ಬರುವ ತನಕ ಬೀಗ ಮುಟ್ಟುವುದಿಲ್ಲ, ಕೀಲಿಕೈ ಆಡಿಸಿ ನೋಡುವುದಿಲ್ಲ ಎಂದು ಅವನಿಂದ ಭಾಷೆ ತೆಗೆದುಕೊಂಡೆ. ಅಲ್ಲಿಯವರೆಗೆ ದಿನಕ್ಕೆ ಐವತ್ತು ಸಲ ಆ ಕೀಲಿಕೈ ತಿರುಗಿಸಿ ನೋಡುತ್ತಿದ್ದ ಮನುಷ್ಯ ನನ್ನ ಮಾತಿಗೆ ಹೂಂ ಅಂದ.

ಟುವಾಸ್ ಎಂದರೆ ಊರಿನ ಕೊನೆ. ಸೆಂಬವಾಂಗ್‌ನಿಂದ ಹೊರಟರೆ ದಾರಿಯಲ್ಲಿ ಒಂದು ಹಬ್ಬ ಕಳೆದು ಇನ್ನೊಂದು ಬರುತ್ತದೆ. ದೀಕ್ಷಿತಾ ಶಾಲೆಗೆ ಹೋಗಿದ್ದಳು. ನಾವು ಮೂವರು ತೆಂಗಿನಕಾಯಿ, ಹೂವು, ಬಾಳೆಹಣ್ಣು ಹಿಡಿದು ಹೋದೆವು. ಅಲ್ಲಿ ಪಳನಿವೇಲು ಎನ್ನುವ ತಮಿಳು ವೆಲ್ಡರ್ ಆಗಲೇ ಮಿಷಿನ್ನುಗಳಿಗೆಲ್ಲ ಗಂಧ ಹಚ್ಚಿ ಮಾಲೆ ಹಾಕಿದ್ದ. ವರ್ಷವೂ ಪೂಜೆ ಅವನದೇ. ಕ್ವೆಕ್ ಕೂಡ ಕೈಕಟ್ಟಿ ನಿಂತಿದ್ದರು. ಯಾವ ದೇವರಿಂದ ಯಾವ ಆರ್ಡರ್ ಬರುತ್ತದೆಂದು ಹೇಳಲಿಕ್ಕೆ ಬರುತ್ತದೆಯೇ? ಅಂಗಳದ ನಡುವೆ ಒಂದು ಟ್ರೇಲರ್, ಅದರ ಮೂತಿಯಲ್ಲಿ ದೀಪೇಶನ ಬೀಗ.

ಪಳನಿವೇಲು ಬೀಗದ ಕಡೆ ಹೊರಟಾಗ ದೀಪೇಶ ತಡೆದ.

"ಇದಕ್ಕೆ ನಮ್ಮ ಅತ್ತೆ ಪೂಜೆ ಮಾಡ್ತಾರೆ."

"ನಾನಾ?" ಅಂದೆ.

ಜ್ಯೋತ್ಸ್ನಾ ಅವನ ತೋಳು ಹಿಡಿದು ಮೆಲ್ಲಗೆ, "ದೀಪು, ಅಮ್ಮ ಹೇಗೆ ಮಾಡುದು?" ಅಂದಳು.

"ಹೇಗೆ ಅಂದ್ರೆ? ಕೈಯಲ್ಲಿ," ಅಂದ ಅವನು, ಕುಂಕುಮದ ಭರಣಿ ನನ್ನ ಕಡೆಗೆ ಚಾಚಿ.

ಹನ್ನೊಂದು ವರ್ಷದಿಂದ ನಾನು ಕುಂಕುಮ ಮುಟ್ಟಿರಲಿಲ್ಲ. ಊರಿನಲ್ಲಿ ಯಾವ ಮನೆಯ ಮದುವೆಗೆ ಹೋಗಲಿ, ಯಾವ ಪೂಜೆಗೆ ಹೋಗಲಿ, ನನ್ನ ಹತ್ತಿರ ಬಂದ ಕೂಡಲೇ ಕುಂಕುಮದ ಬಟ್ಟಲಿಗೆ ಅವಸರ ಬರುತ್ತದೆ, ಎಕ್ಸ್‌ಪ್ರೆಸ್ ಬಸ್ಸು ಸಣ್ಣ ಸ್ಟಾಪನ್ನು ಹಾರಿಸಿಕೊಂಡು ಹೋಗುವ ಹಾಗೆ. ನನ್ನನ್ನು ದಾಟಿ ಹೋದ ಬಟ್ಟಲುಗಳನ್ನು ಸಾಲಾಗಿ ಇಟ್ಟರೆ ಇಲ್ಲಿಂದ ಹೊರಟು ಮಲೇಷ್ಯಾ ಮುಟ್ಟುತ್ತವೆ. ಯಾರೂ ಕೆಟ್ಟವರಲ್ಲ. ಪಾಪ, ಅವರಿಗೆ ನಾನು ಕಾಣಿಸುವುದಿಲ್ಲ, ಅಷ್ಟೆ. ಹಾಗಿರುವಾಗ ಒಬ್ಬ ಗಂಡಸು, ಅದೂ ಅಳಿಯ, ಹತ್ತು ಜನರ ಮುಂದೆ ಭರಣಿಯನ್ನೇ ಕೈಗೆ ಕೊಟ್ಟರೆ ನಾನು ಚಿಟಿಕೆಯಲ್ಲಿ ಮುಗಿಸುತ್ತೇನೆಯೇ?

ಕುಂಕುಮ ಉದುರಬಾರದೆಂದು ಎಣ್ಣೆಯಲ್ಲಿ ಕಲಸಿದೆ. ಬೀಗದ ಎಡಕ್ಕೊಂದು ಬೊಟ್ಟು, ಬಲಕ್ಕೊಂದು. ನೆತ್ತಿಯಲ್ಲಿ ಕೀಲಿಯ ತೂತು ಹೊಕ್ಕುಳಿನ ಹಾಗೆ ಮೇಲೆ ಮುಖ ಮಾಡಿ ಕೂತಿತ್ತು. ಬೀಗಕ್ಕೆ ಜೀವ ಇರುವುದೇ ಅಲ್ಲಿ. ಅಲ್ಲಿಗೆ ಇಡದೆ ಇನ್ನೆಲ್ಲಿಗೆ ಇಡುವುದು? ಒಂದು ಬೊಟ್ಟು ಇಟ್ಟೆ, ಒಳಗೆ ಇಳಿದುಹೋಯಿತು. ಇನ್ನೊಂದು ಇಟ್ಟೆ, ಅದೂ ಹೋಯಿತು. ತೂತು ತುಂಬುವ ತನಕ ಇಟ್ಟೆ, ಹೆಬ್ಬೆರಳಿನಲ್ಲಿ ಒತ್ತಿದೆ, ಮೇಲಿನಿಂದ ಒಂದು ಕಾಸಿನಗಲ ಬೊಟ್ಟು ಹಾಕಿದೆ. ದೇವಸ್ಥಾನದ ಅಮ್ಮನವರಿಗೂ ಅಷ್ಟು ಚಂದದ ಬೊಟ್ಟು ಇರಲಿಕ್ಕಿಲ್ಲ. ಪಳನಿವೇಲು ಕರ್ಪೂರ ಹಚ್ಚಿದ. ನಾನು ಭರಣಿಯನ್ನು ವಾಪಸು ಕೊಡದೆ ಸೆರಗಿನಲ್ಲಿ ಮುಚ್ಚಿ ಹಿಡಿದುಕೊಂಡೆ. ಟುವಾಸ್‌ನಲ್ಲಿ ಗಾಳಿ ಜಾಸ್ತಿ.

ಹನ್ನೊಂದಕ್ಕೆ ಸರಿಯಾಗಿ ಬ್ರೆಟ್ ಬಂದ. ಬಾಗಿಲಿನಷ್ಟು ಅಗಲದ ಮನುಷ್ಯ, ತೆಂಗಿನಸಿಪ್ಪೆಯ ಬಣ್ಣದ ಗಡ್ಡ. ನನ್ನನ್ನು ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದ್ದರು. ಬ್ರೆಟ್ ಕುಂಕುಮದ ಬೊಟ್ಟುಗಳನ್ನು ನೋಡಿ ಏನೋ ಕೇಳಿದ, ದೀಪೇಶ "ಬ್ಲೆಸ್ಸಿಂಗ್" ಅಂದ, ಬ್ರೆಟ್ ತನ್ನ ತಲೆಯ ಟೊಪ್ಪಿ ತೆಗೆದು ಬೀಗಕ್ಕೆ ನಮಸ್ಕಾರದಂಥದ್ದು ಏನೋ ಮಾಡಿದ. ನಮಸ್ಕಾರ ಮಾಡಿದ ಕೈಯಲ್ಲೇ ಸುತ್ತಿಗೆ ಎತ್ತಿಕೊಂಡ.

ಅವನು ಹೊಡೆದ ಹೊಡೆತಕ್ಕೆ ನೀರಿನಾಚೆ ಮಲೇಷ್ಯಾದ ಜೋಹೋರಿನಲ್ಲಿ ಮಲಗಿದ ಮಕ್ಕಳು ಎದ್ದಿರಬೇಕು. ದೊಡ್ಡ ಕತ್ತರಿಯಲ್ಲಿ ಕಚ್ಚಿಸಿದ, ಹಾರೆ ಹಾಕಿ ಮೀಟಿದ, ಕೊರೆಯುವ ಮಿಷಿನ್ನು ಹಿಡಿದ. ಉಕ್ಕು ಸೆಟೆದು ಒಡೆಯಲಿ ಎಂದು ಹೊಗೆಯಂಥ ತಣ್ಣನೆಯ ಮದ್ದು ಸಿಂಪಡಿಸಿ ಪುನಃ ಹೊಡೆದ. ಅರ್ಧ ಗಂಟೆ. ಬ್ರೆಟ್‌ನ ಅಂಗಿ ಹಿಂಡಿದರೆ ಒಂದು ಕೊಡ ನೀರು. ಬೀಗಕ್ಕೆ ನಾಲ್ಕು ಗೀರು, ಅಷ್ಟೇ. ಅವನು ಸುತ್ತಿಗೆ ಕೆಳಗಿಟ್ಟು ದೀಪೇಶನ ಬೆನ್ನು ತಟ್ಟಿದ. ಕ್ವೆಕ್ ನಕ್ಕರು. ಆ ಮನುಷ್ಯನಿಗೆ ಹಲ್ಲುಗಳಿವೆ ಎಂದು ಕಂಪನಿಯವರಿಗೆ ಅವತ್ತೇ ಗೊತ್ತಾದದ್ದು.

"ನೌ ಓಪನ್ ಇಟ್," ಅಂದ ಬ್ರೆಟ್.

ದೀಪೇಶ ಕೀಲಿಕೈ ತೆಗೆದ. ತೂತಿಗೆ ಇಟ್ಟ. ಅದು ಹೋಗಲಿಲ್ಲ. ಒರೆಸಿ ಪುನಃ ಇಟ್ಟ. ಅಕ್ಕಿ ಕಾಳಿನಷ್ಟು ಹೋಯಿತು, ನಿಂತಿತು. ನಾನು ಕುರ್ಚಿಯಲ್ಲಿ ಕೂತಲ್ಲೇ ನನ್ನ ಹೆಬ್ಬೆರಳು ನೋಡಿಕೊಂಡೆ. ಅದು ಇನ್ನೂ ಕೆಂಪಗಿತ್ತು. ನಾನು ಒತ್ತಿ ತುಂಬಿಸಿದ್ದನ್ನು ಬ್ರೆಟ್ ಅರ್ಧ ಗಂಟೆ ಸುತ್ತಿಗೆಯಲ್ಲಿ ಜಡಿದು ಗಾರೆ ಮಾಡಿದ್ದ.

ದೀಪೇಶ ಬಗ್ಗಿ ತೂತಿನೊಳಗೆ ನೋಡಿದ. ತಲೆ ಎತ್ತಿ ನನ್ನನ್ನು ನೋಡಿದ. ಒಂದು ಕ್ಷಣ, ಅಷ್ಟೆ. ಆಮೇಲೆ ಕ್ವೆಕ್ ಕಡೆ ತಿರುಗಿದ.

"ಸಾರಿ ಸರ್. ಮೈ ಡಿಸೈನ್ ಪ್ರಾಬ್ಲಮ್."

ಕ್ವೆಕ್ ಅವರ ಹಲ್ಲುಗಳು ಬಂದ ದಾರಿಯಲ್ಲೇ ವಾಪಸು ಹೋದವು. ಅವರು ಶುರು ಮಾಡಿದರು. ಇಂಗ್ಲಿಷಿನಲ್ಲಿ, ಚೀನೀ ಭಾಷೆಯಲ್ಲಿ, ಎರಡೂ ಸಾಲದೆ ಕೈಯಲ್ಲಿ. ಎಂಟು ತಿಂಗಳು, ಎಂಟು ತಿಂಗಳು ಎನ್ನುವುದೊಂದು ನನಗೆ ಅರ್ಥವಾಯಿತು. ದೀಪೇಶ ತಲೆ ತಗ್ಗಿಸಿ ನಿಂತಿದ್ದ. ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದವರೂ ಅಷ್ಟು ಚಂದ ತಲೆ ತಗ್ಗಿಸುವುದಿಲ್ಲ. ಜ್ಯೋತ್ಸ್ನಾ ನನ್ನ ಭುಜ ಒತ್ತಿ ಹಿಡಿದು, "ಅಮ್ಮ, ಸುಮ್ನೆ ಕೂತ್ಕೋ, ನೀನೆಂತ ಹೇಳ್ಬೇಡ," ಅಂದಳು.

ಅರುವತ್ತೆಂಟು ವರ್ಷದಲ್ಲಿ ಸುಮ್ಮನೆ ಕೂತು ನನಗೆ ಅಭ್ಯಾಸವಿಲ್ಲ. ಎದ್ದು ಹೋಗಿ ಟ್ರೇಲರಿಗೂ ಕ್ವೆಕ್‌ಗೂ ನಡುವೆ ನಿಂತೆ. ನನಗೆ ಬರುವ ಇಂಗ್ಲಿಷ್ ಎಲ್ಲ ಸೇರಿಸಿದರೆ ಒಂದು ಸೇರು ಆಗದು. ಇದ್ದದ್ದನ್ನು ಬಳಿದು ಹಾಕಿದೆ.

"ಮಿಸ್ಟರ್ ಕ್ವೆಕ್. ಬಾಯ್ ನೋ ಮಿಸ್ಟೇಕ್. ಮೈ ಹ್ಯಾಂಡ್." ಹೆಬ್ಬೆರಳು ಎತ್ತಿ ತೋರಿಸಿದೆ. "ಐ ಪುಟ್. ಫುಲ್ ಪುಟ್."

ಕ್ವೆಕ್ ಬೆರಳು ನೋಡಿದರು, ಬೀಗ ನೋಡಿದರು. "ಆಂಟಿ, ವೈ ಯೂ ಪುಟ್ ಚಿಲ್ಲಿ ಪೌಡರ್ ಇನ್‌ಸೈಡ್?"

ಮೆಣಸಿನ ಹುಡಿ! ಹನ್ನೊಂದು ವರ್ಷ ಕಾದು ಇಟ್ಟ ಕುಂಕುಮಕ್ಕೆ ಸಿಕ್ಕಿದ ಮರ್ಯಾದೆ ಇದು.

ದೀಪೇಶ ಒಂದು ತೆಳು ತಂತಿ, ಒಂದು ಸ್ಪ್ರೇ ಡಬ್ಬಿ ಹಿಡಿದು ಕೂತ. ಆಯುಧಪೂಜೆಯ ನಿಯಮ ಅಲ್ಲಿಗೆ ಮುಗಿಯಿತು. ನಲವತ್ತು ನಿಮಿಷ ಕೆರೆದ ಮೇಲೆ ಬೀಗ ತೆರೆಯಿತು. ಬ್ರೆಟ್ ಅಷ್ಟು ಹೊತ್ತೂ ಉಕ್ಕಿನ ಪೆಟ್ಟಿಗೆಯ ಮೇಲೆ ಕೂತು ನನ್ನ ಪ್ರಸಾದದ ಬಾಳೆಹಣ್ಣು ತಿಂದ. ನಾಲ್ಕು ತಿಂದ, ಎಣಿಸಿದ್ದೇನೆ. ಆಮೇಲೆ ತಂತಿಯ ತುದಿಯ ಕೆಂಪನ್ನು ಬೆರಳಿಗೆ ತೆಗೆದುಕೊಂಡು, ಉಜ್ಜಿ, ಮೂಸಿ, ನಿಧಾನವಾಗಿ ಮಾತಾಡಿದ. ದೀಪೇಶ ನಮಗೆ ಕನ್ನಡದಲ್ಲಿ ಹೇಳುತ್ತಾ ಹೋದ.

"ಅವ್ರ ಊರಿನ ರೋಡೆಲ್ಲ ಇದೇ ಕಲರ್ ಅಂತೆ. ಕೆಂಪು ಧೂಳು. ಹತ್ತು ದಿನ ಟ್ರೇಲರ್ ಎಳ್ಕೊಂಡು ಹೋದ್ರೆ ಎಲ್ಲಾ ಸಂದಿಗೂ ಹೀಗೇ ತುಂಬ್ತದಂತೆ." ಒಂದು ಉಸಿರು ಎಳೆದುಕೊಂಡ. "ನಿನ್ನ ಬೀಗ ಕಳ್ಳನನ್ನು ಅರ್ಧ ಗಂಟೆ ತಡೀತು, ಓನರ್‌ನ ನಲವತ್ತು ನಿಮಿಷ ತಡೀತು ಅಂತಿದ್ದಾರೆ."

ತಮಾಷೆ ಮಾಡುವುದು ನನಗೊಬ್ಬಳಿಗೇ ಬರುತ್ತದೆಂದು ತಿಳಿದಿದ್ದೆ.

ಬ್ರೆಟ್ ಆರ್ಡರ್ ಕೊಡಲಿಲ್ಲ. ಆರು ವಾರ ಬಿಟ್ಟು ವಾಪಸು ಇದೇ ದಾರಿಯಲ್ಲಿ ಬರುತ್ತೇನೆ, ಧೂಳಿಗೆ ಹೆದರದ ಬೀಗ ಇದ್ದರೆ ತೋರಿಸಿ ಅಂದ. ಕ್ವೆಕ್ ತಿಂಗಳ ಕೊನೆ ಎನ್ನುವ ಗಡುವನ್ನು ಆರು ವಾರಕ್ಕೆ ಎಳೆದರು. ಅದಕ್ಕಿಂತ ಒಂದು ದಿನ ಹೆಚ್ಚಿಲ್ಲ ಎಂದು ಎರಡು ಭಾಷೆಯಲ್ಲಿ ಹೇಳಿದರು.

ಮನೆಗೆ ಬರುವಾಗ ಎಂಆರ್‌ಟಿ ರೈಲಿನಲ್ಲಿ ಮೂವರೂ ಸಾಲಾಗಿ ಕೂತಿದ್ದೆವು. ಜ್ಯೋತ್ಸ್ನಾ ಕಿಟಕಿ ನೋಡುತ್ತಾ, "ಅಮ್ಮನ ಕೈಗೆ ಕುಂಕುಮ ಕೊಟ್ಟದ್ದೇ ತಪ್ಪು," ಅಂದಳು. ಅವಳು ತೂತು ತುಂಬಿಸಿದ್ದಕ್ಕೆ ಹೇಳಿದ್ದೋ ಬೇರೆಯದಕ್ಕೆ ಹೇಳಿದ್ದೋ ನಾನು ಕೇಳಲಿಲ್ಲ. ಊರಿನಲ್ಲಿ ಹೆಂಗಸರು ಬಾಯಿ ಬಿಟ್ಟು ಹೇಳದ್ದನ್ನು ನನ್ನ ಮಗಳು ಸಿಂಗಾಪುರದ ರೈಲಿನಲ್ಲಿ ಹೇಳಿಬಿಟ್ಟಳು ಅಂತ ಅನಿಸಿತು. ಕೆಂಪಾದ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡೆ.

"ಕೈ ಎಂತ ಮಾಡ್ತದೆ ಜ್ಯೋ?" ಅಂದ ದೀಪೇಶ. "ತೂತನ್ನು ಮೇಲ್ಗಡೆ ಇಟ್ಟದ್ದು ನಾನು. ಅತ್ತೆ ಇವತ್ತು ತುಂಬಿಸದಿದ್ರೆ ಮುಂದಿನ ವರ್ಷ ಸಾವಿರ ಜನರ ಬೀಗದಲ್ಲಿ ಧೂಳು ತುಂಬ್ತಿತ್ತು. ಆಗ ಕ್ವೆಕ್ ನನ್ನನ್ನು ಹಡಗಿನ ಏಣಿಗೇ ನೇತು ಹಾಕ್ತಿದ್ರು."

ಎರಡು ಸ್ಟೇಷನ್ ಆದ ಮೇಲೆ ಜ್ಯೋತ್ಸ್ನಾ ಚೀಲದಿಂದ ಒಂದು ಒದ್ದೆ ಟಿಶ್ಯೂ ತೆಗೆದು ನನ್ನ ಹೆಬ್ಬೆರಳನ್ನು ತಾನೇ ಒರೆಸಿದಳು. ಕೆಂಪು ಪೂರ್ತಿ ಹೋಗಲಿಲ್ಲ.

ಮಾರನೇ ದಿನದಿಂದ ನನಗೆ ಉದ್ಯೋಗ. ಸಂಬಳ ಇಲ್ಲ, ರಜೆ ಇಲ್ಲ. ದೀಪೇಶ ಹೊಸ ಮಾದರಿ ಮಾಡಿ ತರುವುದು, ನಾನು ಅದನ್ನು ಹಾಳು ಮಾಡುವುದು. ಮೊದಲನೆಯದರಲ್ಲಿ ತೂತನ್ನು ಬೀಗದ ತಳಕ್ಕೆ ಇಟ್ಟಿದ್ದ. ಧೂಳು ಬೀಳುವುದಿಲ್ಲ, ನಿಜ. ಆದರೆ ಕೀಲಿಕೈ ಹಾಕಲಿಕ್ಕೆ ನಾನು ಹಾಲ್‌ನ ನೆಲದ ಮೇಲೆ ಉದ್ದಕ್ಕೆ ಮಲಗಬೇಕಾಯಿತು.

"ಅಳಿಯಂದಿರೇ, ಬೀಗ ತೆಗೀಲಿಕ್ಕೆ ಪ್ರತಿ ಸಲ ಸಾಷ್ಟಾಂಗ ಹಾಕ್ಬೇಕಾ? ಬ್ರೆಟ್ ಮಲಗಿದ್ರೆ ಎಬ್ಬಿಸ್ಲಿಕ್ಕೆ ಇನ್ನೊಂದು ಟ್ರೇಲರ್ ಬೇಕಾದೀತು!"

ಎರಡನೆಯದರಲ್ಲಿ ತೂತು ಪಕ್ಕಕ್ಕೆ ಬಂತು, ಸ್ವಲ್ಪ ಕೆಳಕ್ಕೆ ಬಾಗಿ. ಅದರ ಮೇಲೆ ಒಂದು ರಬ್ಬರಿನ ಮುಚ್ಚಳ. ಮುಚ್ಚಳವನ್ನು ಮೂರು ಸಲ ತೆಗೆದು ಹಾಕಿದ್ದೇ ತಡ, ನಾಲ್ಕನೇ ಸಲಕ್ಕೆ ಕಳೆದುಹೋಯಿತು. ಸೋಫಾದ ಕೆಳಗೆ ಸಿಕ್ಕಿತು. "ಮನೆಯೊಳಗೇ ಕಳೆದುಹೋಗುವ ಮುಚ್ಚಳ ಆಸ್ಟ್ರೇಲಿಯಾದಲ್ಲಿ ಸಿಗ್ತದಾ?" ಅಂದೆ. ಮೂರನೆಯದಕ್ಕೆ ರಬ್ಬರು ಹೋಗಿ, ತನ್ನಷ್ಟಕ್ಕೆ ಮುಚ್ಚಿಕೊಳ್ಳುವ ಸ್ಪ್ರಿಂಗಿನ ತಗಡು ಬಂತು, ಕಣ್ಣಿನ ರೆಪ್ಪೆಯ ಹಾಗೆ. ನಾನು ಅದಕ್ಕೆ ಕಾಫಿ ಪುಡಿ ಹಾಕಿದೆ, ಅಕ್ಕಿ ಹಿಟ್ಟು ಹಾಕಿದೆ. ತೆರೆಯಿತು. ದೋಸೆ ಹಿಟ್ಟು ಸುರಿದು ಬಾಲ್ಕನಿಯ ಬಿಸಿಲಿನಲ್ಲಿ ಒಂದು ದಿನ ಒಣಗಿಸಿದೆ. ತೆರೆಯಲಿಲ್ಲ.

ದೀಪೇಶ ತಲೆಗೆ ಕೈಕೊಟ್ಟು ಕೂತ. "ದೋಸೆ ಹಿಟ್ಟು ಯಾರು ಹಾಕ್ತಾರೆ ಅತ್ತೆ ಟ್ರೇಲರಿಗೆ?"

"ಅಲ್ಲಿ ಮಳೆ ಬರುದಿಲ್ವಾ? ಧೂಳಿಗೆ ನೀರು ಬಿದ್ರೆ ಎಂತಾಗ್ತದೆ? ಹಿಟ್ಟೇ ಆಗ್ತದೆ. ಒಣಗ್ತದೆ."

ಅವನು ನನ್ನನ್ನು ನೋಡಿದ. ಹತ್ತು ದಿನ ಬಿಟ್ಟು ನಾಲ್ಕನೆಯದನ್ನು ತಂದ. ತೂತಿನ ಆಚೆ ಕಡೆಗೆ ಇನ್ನೊಂದು ಸಣ್ಣ ತೂತು ಕೊರೆದಿದ್ದ. ಕೀಲಿಕೈ ಒಳಗೆ ಹೋಗುತ್ತಾ ಇದ್ದ ಕಸವನ್ನೆಲ್ಲ ಅತ್ತ ಕಡೆಗೆ ದೂಡಿ ಹೊರಗೆ ಹಾಕುವ ಹಾಗೆ. ದೋಸೆ ಹಿಟ್ಟು ಶ್ಯಾವಿಗೆಯ ಹಾಗೆ ಈಚೆ ಬಂತು. ನಾನು ಹೊಗಳಲಿಲ್ಲ. "ಶ್ಯಾವಿಗೆ ದಪ್ಪ ಆಯ್ತು," ಅಂದೆ ಅಷ್ಟೆ.

ಬ್ರೆಟ್ ಹೇಳಿದ ದಿನಕ್ಕೆ ಬಂದ. ಕೈಯಲ್ಲಿ ಒಂದು ದೊಡ್ಡ ಬಾಟಲಿ, ಅದರ ತುಂಬ ಅವನ ಊರಿನ ಮಣ್ಣು, ಕೆಂಪು ಹಸುವಿನ ಮೈಬಣ್ಣದ್ದು. ಕ್ವೆಕ್ ನನ್ನನ್ನು ಗೇಟಿನಲ್ಲೇ ಕಂಡರು. ನನ್ನ ಕೈ ನೋಡಿದರು, ಚೀಲ ನೋಡಿದರು.

"ದೀಪೇಶ್, ಟುಡೇ ಆಂಟಿ ಸಿಟ್ ಫಾರ್ ಅವೇ, ಕ್ಯಾನ್?"

"ನೋ ಸರ್," ಅಂದ ದೀಪೇಶ. ಯಜಮಾನನಿಗೆ ನೋ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಶಿ ಸ್ಟಾರ್ಟ್ಸ್."

ಜ್ಯೋತ್ಸ್ನಾ ಚೀಲದಿಂದ ಭರಣಿ ತೆಗೆದು ನನ್ನ ಕೈಗೆ ಕೊಟ್ಟಳು. ಕುಂಕುಮವನ್ನು ಅವಳೇ ಎಣ್ಣೆಯಲ್ಲಿ ಕಲಸಿ ತಂದಿದ್ದಳು. "ಸರಿ ತುಂಬ್ಸು ಅಮ್ಮ. ಕಂಜೂಸ್ ಮಾಡ್ಬೇಡ," ಅಂದಳು.

ಬೆರಳಿನಲ್ಲಿ ಆ ರೆಪ್ಪೆಯನ್ನು ಎತ್ತಿ ಹಿಡಿದು ತುಂಬಿಸಿದೆ. ಬ್ರೆಟ್ ಸುತ್ತಿಗೆ ಎತ್ತಿ ಜಡಿದ, ಹಿಂದಿನ ಸಲದಷ್ಟೇ ಹೊಡೆತ. ಅವನು ಹೊಡೆದದ್ದು ಅರ್ಧ ಗಂಟೆ, ನನಗೆ ಅದು ಒಂದು ಚಾತುರ್ಮಾಸ. ದೀಪೇಶ ಕೀಲಿಕೈ ಇಟ್ಟ. ಅರ್ಧ ಹೋಗಿ ನಿಂತಿತು. ಕ್ವೆಕ್ ಕಣ್ಣು ಮುಚ್ಚಿಕೊಂಡರು. ದೀಪೇಶ ಸ್ವಲ್ಪ ಹಿಂದಕ್ಕೆ ಎಳೆದು, ಪುನಃ ಮುಂದಕ್ಕೆ ಒತ್ತಿದ. ಆಚೆ ಕಡೆಯ ತೂತಿನಿಂದ ಕೆಂಪು ಹುಳದ ಹಾಗೆ ಒಂದು ಎಳೆ ಹೊರಬಂದು ನೆಲಕ್ಕೆ ಬಿತ್ತು. ಕೀಲಿಕೈ ತಿರುಗಿತು. ಉಕ್ಕಿನ ಗಡ್ಡೆ ಧೊಪ್ಪೆಂದು ಅವನ ಅಂಗೈಗೆ ಇಳಿಯಿತು.

ಬ್ರೆಟ್ ತನ್ನ ಬಾಟಲಿಯ ಮಣ್ಣನ್ನು ನೀರಿನಲ್ಲಿ ಕಲಸಿ ಮೆತ್ತಿದ, ಬಿಸಿ ಗಾಳಿಯ ಮಿಷಿನ್ನು ಹಿಡಿದು ಒಣಗಿಸಿದ, ತಾನೇ ಕೀಲಿಕೈ ಹಾಕಿದ. ತೆರೆಯಿತು. ಇನ್ನೊಮ್ಮೆ ಮೆತ್ತಿದ. ತೆರೆಯಿತು. ಮೂರನೇ ಸಲ ಮೆತ್ತುವಾಗ ಕ್ವೆಕ್ ಅವರೇ ಬಗ್ಗಿ ಮಣ್ಣು ಕಲಸಿ ಕೊಟ್ಟರು, ಮದುವೆ ಮನೆಯಲ್ಲಿ ಬಡಿಸುವವರ ಉತ್ಸಾಹದಲ್ಲಿ. ಮೊದಲ ಸಲಕ್ಕೆ ಎರಡು ಸಾವಿರ ಬೀಗ ಅಂದ ಬ್ರೆಟ್. ದೀಪೇಶ "ಥ್ಯಾಂಕ್ಯೂ" ಅಂದು, ಹಿಂದಿನ ನಲ್ಲಿಗೆ ಹೋಗಿ ಕೈ ತೊಳೆಯತೊಡಗಿದ. ಬಹಳ ಹೊತ್ತು ತೊಳೆದ. ಜ್ಯೋತ್ಸ್ನಾ ಅವನ ಹಿಂದೆ ಹೋಗಿ ನಿಂತಳು. ಅಷ್ಟು ಕೊಳೆ ಅವನ ಕೈಯಲ್ಲಿ ಇರಲಿಲ್ಲ. ನಾನು ಆ ಕಡೆ ನೋಡದೆ ಟ್ರೇಲರಿನ ಚಕ್ರ ಎಷ್ಟು ಚಂದ ಉಂಟು ಎಂದು ನೋಡಿದೆ.

ಪರೀಕ್ಷೆಯ ಕಾಗದ ಬಂತು. ಎಷ್ಟು ಹೊಡೆತ, ಎಷ್ಟು ಮಣ್ಣು, ಎಷ್ಟು ನಿಮಿಷ, ಎಲ್ಲ ಬರೆದಿತ್ತು. ಕ್ವೆಕ್ ಸಹಿ ಹಾಕಿದರು, ಬ್ರೆಟ್ ಹಾಕಿದ, ಕೈ ತೊಳೆದು ಬಂದ ದೀಪೇಶ ಹಾಕಿದ. ಹಾಕಿ, ಕೆಳಗೆ ಇನ್ನೊಂದು ಗೆರೆ ಎಳೆದು ಕಾಗದವನ್ನು ನನ್ನ ಕಡೆ ತಿರುಗಿಸಿದ.

"ಇದೆಂತದು? ನನ್ನ ಗದ್ದೆ ಬರೆಸ್ಕೊಳ್ತೀರಾ ಅಳಿಯಂದಿರೇ?"

"ಟೆಸ್ಟ್ ಮಾಡಿದವ್ರ ಹೆಸರು ಅತ್ತೆ. ಅವ್ರ ಸೈನ್ ಬೇಕು."

"ಇಂಗ್ಲಿಷಲ್ಲಾ?"

"ನಿಮ್ಗೆ ಬರೋದ್ರಲ್ಲಿ."

ಕನ್ನಡದಲ್ಲಿ ಹಾಕಿದೆ. ನಾಲ್ಕನೇ ಕ್ಲಾಸಿನ ಅಕ್ಷರ, ಹೊರಗೆ ಬರದೆ ಎಷ್ಟೋ ವರ್ಷ ಆಗಿತ್ತು. ಚಕಾರದ ಹೊಟ್ಟೆ ಸ್ವಲ್ಪ ದೊಡ್ಡದಾಗಿ ಬ್ರೆಟ್‌ನ ಸಹಿಯ ಮೇಲೆ ಹತ್ತಿ ಕೂತಿತು. ಕ್ವೆಕ್ ಗಡಿಯಾರ ನೋಡಿದರು. ನೋಡಲಿ ಎಂದು ಕೊನೆಯ ದೀರ್ಘವನ್ನು ಇನ್ನಷ್ಟು ನಿಧಾನವಾಗಿ, ಕಾಗದದ ಅಂಚಿನ ತನಕ ಎಳೆದೆ.